ಹಾರ್ಮೋನಿಯಂ ರಿಪೇರಿ: ಕರಿ ಎರಡು ಕೊನೆಗೂ ಕೂತಿತು

ನಿನ್ನೆ ಬೆಳಗ್ಗೆ ಆರು ಗಂಟೆಗೆ ಕರಿ ಎರಡು, ಅಂದರೆ ಎರಡನೇ ಕಪ್ಪು ಕೀ, ಒತ್ತಿದೆ. ಶ್ರುತಿ ತಪ್ಪಿದಾಗ ಕೇಳುವ ಆ ಏರಿಳಿತದ ಅಲೆ ಇಲ್ಲ. ಶ್ರುತಿ ಅಳೆಯುವ ಟ್ಯೂನರ್ ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. ಹನ್ನೊಂದು ದಿನ ಈ ಒಂದೇ ಸ್ವರದ ಹಿಂದೆ ಬಿದ್ದಿದ್ದೆ.

ತಿದಿಗೆ ಹೊಸ ಬಟ್ಟೆ ಅಂಟಿಸಿದ್ದು, ಗಾಳಿ ಸೋರುವುದನ್ನು ಮುಚ್ಚಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡಿ. ರೀಡು, ಅಂದರೆ ಗಾಳಿಗೆ ಅದುರಿ ಸ್ವರ ಹೊರಡಿಸುವ ನಾಲಿಗೆಯ ಪಟ್ಟಿ, ತರಿಸಿದ ಕತೆ ಮಾತ್ರ ಹೇಳಲೇಬೇಕು. ಗುಜರಾತಿನ ಪಾಲಿತಾಣಾದ ಹಿತ್ತಾಳೆ ರೀಡೇ ಬೇಕು ಅಂತ ಎರಡೆರಡು ಸಲ ಬರೆದು ಕೊಟ್ಟಿದ್ದೆ. ಅಂಗಡಿಯವರು ಮೂರು ವಾರ ಕಾಯಿಸಿ ಬೇರೆ ಸ್ವರದ್ದು ಕಳಿಸಿದರು. ಎರಡನೇ ಸಲ ಬಂದದ್ದರ ನಾಲಿಗೆ ಚೌಕಟ್ಟಿಗೆ ತಾಗಿ ಗರಗರ ಅನ್ನುತ್ತಿತ್ತು. ರೀಡನ್ನು ಯಾರಾದರೂ ಸುಮ್ನೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಳಿಸ್ತಾರಾ?

ಅದನ್ನು ನೇರ ಮಾಡಿ ಕೂರಿಸಿದಾಗ ಈ ನರ ರೀಡು (ಮಧ್ಯ ಸ್ಥಾಯಿಯದು) 12 ಸೆಂಟ್ಸ್ ಇಳಿದಿತ್ತು; ಪಕ್ಕಪಕ್ಕದ ಎರಡು ಕೀಗಳ ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್. ಕೆಳ ಸ್ಥಾಯಿಯ ಖರಜ ರೀಡಿನ ಜತೆ ನುಡಿಸಿದರೆ ಸೆಕೆಂಡಿಗೆ ಎರಡು ಅಲೆ. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಇಷ್ಟೇ ಅಲ್ವಾ? ಸಂಜೆ ಸರಿ ಮಾಡಿ ಮಲಗುತ್ತಿದ್ದೆ. ಬೆಳಗ್ಗೆ ನೋಡಿದರೆ ನಾಲ್ಕು ಸೆಂಟ್ಸ್ ಮೇಲೆ. ಬುಡ ಕೆರೆದೆ, ಜಾಸ್ತಿ ಇಳಿಯಿತು. ಮತ್ತೆ ತುದಿ. ನಾಲಿಗೆ ತೆಳ್ಳಗಾಗುತ್ತಾ ಬಂತು. ಐದನೇ ರಾತ್ರಿ ಅರ ಕೆಳಗಿಟ್ಟು ಅತ್ತುಬಿಟ್ಟೆ. ಅದು ರೀಡಿಗಾಗಿ ಅತ್ತದ್ದಲ್ಲ.

ಇದು ಅಮ್ಮನ ಹಾರ್ಮೋನಿಯಂ. ಜೂನ್‌ನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಫಿಸಿಯೋಥೆರಪಿಯವರು ದಿನಾ ಬರುತ್ತಾರೆ, ಒಂದು ಬೆರಳು ಒಂದಿಷ್ಟು ಮಡಚಿದರೆ ಅದೇ ಆ ವಾರದ ಗಳಿಕೆ. ಬೇಗ ಗುಣ ಮಾಡು ಎಂದು ಪ್ರಾರ್ಥಿಸಿ ಪ್ರಾರ್ಥಿಸಿ ನನಗೆ ದೇವರ ಮೇಲೇ ಸಿಟ್ಟು ಬಂದಿತ್ತು. ನಮ್ಮ ಚರ್ಚಿನ ಸಭಾಪಾಲಕರು ಮನೆಗೆ ಬಂದಾಗ ಅದನ್ನೇ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. ಬೈಬಲ್ಲಿನ ಯೋಬನ ಪುಸ್ತಕ ಪೂರ್ತಿ ಓದು ಅಂದರು, ಅಷ್ಟೆ.

42 ಅಧ್ಯಾಯ ಓದಿದೆ. ಎಲ್ಲ ಕಳೆದುಕೊಂಡ ಯೋಬ ಬಾಯಿ ಮುಚ್ಚಿಕೊಂಡು ಸಹಿಸಿದವನು ಅಂತ ಸಂಡೇ ಸ್ಕೂಲಿನಿಂದ ನಂಬಿದ್ದೆ. ಮೂರನೇ ಅಧ್ಯಾಯದಲ್ಲೇ ಅವನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಆಮೇಲೆ ಅಧ್ಯಾಯಗಟ್ಟಲೆ ದೇವರ ಜತೆ ವಾದಕ್ಕೇ ನಿಲ್ಲುತ್ತಾನೆ. ಆದರೂ ಬೈಬಲ್ಲಿನದೇ ಇನ್ನೊಂದು ಭಾಗವಾದ ಯಾಕೋಬನ ಪತ್ರಿಕೆ (ಪತ್ರ) ತಾಳ್ಮೆಗೆ ಅವನನ್ನೇ ತೋರಿಸುತ್ತದೆ. ಅಂದರೆ ಗೋಳಾಡಿದವನೂ ತಾಳ್ಮೆಯವನೇ, ದೇವರ ಕಡೆಯಿಂದ ಮುಖ ತಿರುಗಿಸದಿದ್ದರೆ ಸಾಕು. ಅವತ್ತು ನನ್ನ ಎದೆ ಹಗುರಾಯಿತು.

ಯಾಕೋಬನ ಪತ್ರಿಕೆಯ ಅದೇ ಐದನೇ ಅಧ್ಯಾಯದಲ್ಲಿ ಮಳೆಗೆ ಕಾಯುವ ರೈತನೂ ಇದ್ದಾನೆ. ಬೈಬಲ್ಲಿನ ಆ ನಾಡಿನಲ್ಲಿ ಬಿತ್ತನೆಯ ಮಳೆ ಅಕ್ಟೋಬರ್-ನವೆಂಬರ್‌ನಲ್ಲಿ, ಕಾಳು ತುಂಬಿಸುವ ಮಳೆ ಮಾರ್ಚ್-ಏಪ್ರಿಲ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಅವನು ಹೊಲದ ಕೆಲಸ ಬಿಟ್ಟಿರುವುದಿಲ್ಲ. ಆದರೆ ಪೈರನ್ನು ಎಳೆದು ಉದ್ದ ಮಾಡುವುದೂ ಇಲ್ಲ.

ಎಳೆಯುತ್ತಿದ್ದವನು ನಾನು. ಕೆರೆದಾಗ ಹಿತ್ತಾಳೆ ಬಿಸಿಯಾಗುತ್ತದೆ. ಬಿಸಿ ರೀಡು ಇಳಿದ ಸ್ವರ ತೋರಿಸುತ್ತದೆ, ತಣಿದ ಮೇಲೆ ಏರುತ್ತದೆ. ನಾನು ಬಿಸಿಯಲ್ಲೇ ಅಳೆದು, ಬಿಸಿಯಲ್ಲೇ ತಿದ್ದುತ್ತಿದ್ದೆ. ಆಮೇಲೆ ಕ್ರಮ ಬದಲಿಸಿದೆ. ರಾತ್ರಿ ಅರದಿಂದ ಎರಡೇ ಎರಡು ಗೀಟು, ಆಮೇಲೆ ಪೆಟ್ಟಿಗೆ ಮುಚ್ಚಿ ಅಮ್ಮನ ಪಕ್ಕ ಕೂತು ಪ್ರಾರ್ಥನೆ. ಅಳತೆ ಬೆಳಗ್ಗೆ ಮಾತ್ರ. ದಿನಕ್ಕೆ ಒಂದು, ಒಂದೂವರೆ ಸೆಂಟ್ಸ್. ಪ್ರಾರ್ಥನೆಯೂ ಬದಲಾಯಿತು. ಬೇಗ ಅನ್ನುವ ಪದ ತಾನಾಗಿ ಬಿದ್ದುಹೋಯಿತು.

ಮುಂದಿನದು ನಮ್ಮ ಸಭೆಯ ಗೋದಾಮಿನಲ್ಲಿರುವ, ಕಾಲಲ್ಲಿ ತಿದಿ ಒತ್ತುವ ಲೆಗ್ ಹಾರ್ಮೋನಿಯಂ. ಗೆದ್ದಲು ಹಿಡಿದ ಪೆಡಲ್, ಇಲಿ ತಿಂದ ತಿದಿ. ಮಂಗಳೂರಿಗೆ 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಬಂದಮೇಲೆ ಕನ್ನಡದಲ್ಲಿ ಹುಟ್ಟಿದ ಕೀರ್ತನೆಗಳನ್ನು ಆ ಪೆಟ್ಟಿಗೆಯಲ್ಲೇ ಕೇಳಬೇಕು ಅನ್ನುವುದು ನನ್ನ ಆಸೆ. ಅದರ ತಿದಿಗೆ ಚರ್ಮ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ.

ಅಮ್ಮನ ಹಾರ್ಮೋನಿಯಂ ಕೆಲಸವನ್ನು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರಕ್ಕೆ ಮುಗಿಸಬೇಕು ಅಂದುಕೊಂಡಿದ್ದೆ, ಎರಡನೆಯದು ದಾಟಿತು. ನಿನ್ನೆ ಸಂಜೆ ಪೆಟ್ಟಿಗೆಯನ್ನು ಅಮ್ಮನ ಮಂಚದ ಮೇಲಿಟ್ಟೆ. ಎಡಗೈಯಿಂದ ಅವರೇ ತಿದಿ ಒತ್ತಿದರು. ಬಲಗೈಯ ಕೆಲಸ ನಾನು ಮಾಡಿದೆ. ಮೂರನೇ ಸಾಲಿಗೆ ಅವರ ಗಂಟಲಿನಿಂದ ಸ್ವರ ಬಂತು. ಪದಗಳಿರಲಿಲ್ಲ, ರಾಗ ಇತ್ತು. ಶ್ರುತಿಯಲ್ಲೇ ಇತ್ತು.