ಬಸವಣ್ಣನವರಿಗೆ ಪ್ರಕಾಶಕರು ಯಾರಿದ್ದರು?

ಪ್ರತಿ ವರ್ಷ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ನಾನೊಂದು ಪುಸ್ತಕದ ಮಳಿಗೆ ಹಾಕುತ್ತೇನೆ. ವರ್ಷಕ್ಕೆ ನಾಲ್ಕೈದು ಪುಸ್ತಕಗಳನ್ನು ಹೊರತರುವ ಸಣ್ಣ ಪ್ರಕಾಶನ ನನ್ನದು; ಅವುಗಳಲ್ಲಿ ಹೆಚ್ಚಿನವು ಹಳೆಯ ಕೃತಿಗಳ ಮರುಮುದ್ರಣ. ಮಳಿಗೆಗೆ ಬಂದವರಲ್ಲಿ ಯಾರಾದರೊಬ್ಬರು ಪುಸ್ತಕವನ್ನು ಕೈಗೆತ್ತಿಕೊಂಡು, ಹಿಂದೆಮುಂದೆ ತಿರುವಿ ಬೆಲೆ ನೋಡಿ, ಅಕ್ಕರೆಯಿಂದಲೇ ಕೇಳುತ್ತಾರೆ: “ಅಕ್ಕಾರ, ಬಸವಣ್ಣನವರಿಗೆ ಪ್ರಕಾಶಕರು ಯಾರಿದ್ರು ರೀ? ದೊಡ್ಡವರು ಹೇಳಿದ ಮಾತು ತಾನ ಉಳೀತದ. ನೀವ್ಯಾಕ ಇಷ್ಟ ಒದ್ದಾಡ್ತೀರಿ?” ಮದುವೆಮನೆಯಲ್ಲಿ ನೆಂಟರೂ ಇದನ್ನೇ ಕೇಳುತ್ತಾರೆ. ಸಾಲಕ್ಕೆಂದು ಹೋದಾಗ ಬ್ಯಾಂಕಿನವರೂ ಒಮ್ಮೆ ಇದನ್ನೇ ಕೇಳಿದರು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತು ಇದಲ್ಲವಾದ್ದರಿಂದ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆಯಲ್ಲಿ ಸತ್ಯದ ಅಂಶವಿದೆ ಎಂಬುದನ್ನು ಮೊದಲೇ ಒಪ್ಪುತ್ತೇನೆ. ಅಕ್ಷರ ಬಾರದ ನನ್ನ ಅಜ್ಜಿಗೆ ಹತ್ತಾರು ವಚನಗಳು ಬಾಯಿಗೆ ಬರುತ್ತಿದ್ದವು. ಅವು ಅವಳಿಗೆ ಪುಸ್ತಕದಿಂದ ಬಂದವಲ್ಲ. ಆದರೆ ಅದೇ ಅಜ್ಜಿಯ ಬಾಯಲ್ಲಿ ಬೀಸುವ ಕಲ್ಲಿನ ಹಾಡುಗಳೂ ಇದ್ದವು, ಮತ್ತು ಆ ಹಾಡುಗಳು ಏನಾದವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೆಳಗಿನ ಜಾವ ಎದ್ದು ಬೀಸುವ ಕೆಲಸ ನಿಂತಿತು. ಬೀಸುವುದು ನಿಂತಾಗ ಹಾಡುವುದಕ್ಕೆ ಹೊತ್ತೇ ಇಲ್ಲದಂತಾಯಿತು. ಅವ್ವನಿಗೆ ಅರ್ಧದಷ್ಟು ಬಂದವು, ನನಗೆ ಮೂರೋ ನಾಲ್ಕೋ ತ್ರಿಪದಿ ಬರುತ್ತವೆ. ಎರಡು ತಲೆಮಾರಿನಲ್ಲಿ ಒಂದು ಮನೆಯೊಳಗೆ ಆದ ನಷ್ಟ ಇದು. ಅಂಥ ಹಾಡುಗಳಲ್ಲಿ ಒಂದಷ್ಟಾದರೂ ಇಂದು ನಮ್ಮ ಪಾಲಿಗೆ ಉಳಿದಿದ್ದರೆ, ಅದಕ್ಕೆ ನಮ್ಮ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಅಚ್ಚು ಹಾಕಿಸಿದ್ದೇ ಕಾರಣ. ಹಾಡು ಕಟ್ಟಿದ ಆ ತಾಯಂದಿರ ಹೆಸರು ಯಾರಿಗೂ ತಿಳಿಯದು, ಆದರೆ ಅವರು ಸಣ್ಣ ಕವಿಗಳಾಗಿರಲಿಲ್ಲ.

ಇನ್ನು ಹೆಸರಾಂತ ಕವಿಗಳ ಮಾತಿಗೆ ಬರೋಣ. ರನ್ನ ಹುಟ್ಟಿದ್ದು ಮುದುವೊಳಲಿನಲ್ಲಿ, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ. ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿ ಎನಿಸಿಕೊಂಡವನು. ಅವನಿಗಿಂತ ದೊಡ್ಡವರನ್ನು ಹುಡುಕುವುದು ಕನ್ನಡದಲ್ಲಿ ಕಷ್ಟ. ಅಂಥವನು ಬರೆದ ‘ಪರಶುರಾಮಚರಿತ’ ಮತ್ತು ‘ಚಕ್ರೇಶ್ವರಚರಿತ’ ಎಂಬ ಎರಡು ಕಾವ್ಯಗಳು ಇಂದು ಇಲ್ಲ; ಹೆಸರು ಮಾತ್ರ ಉಳಿದಿದೆ. ದೊಡ್ಡವರು ಬರೆದದ್ದು ತಾನಾಗಿ ಉಳಿಯುವುದಾದರೆ ಅವು ಎಲ್ಲಿ ಹೋದವು? ಅದೇ ಕಾಲದ ಪೊನ್ನನ ಕಥೆಯನ್ನು ನೋಡಿರಿ. ಅವನ ‘ಶಾಂತಿಪುರಾಣ’ ನಮಗೆ ಸಿಕ್ಕಿದೆ, ‘ಭುವನೈಕರಾಮಾಭ್ಯುದಯ’ ಸಿಕ್ಕಿಲ್ಲ. ಶಾಂತಿಪುರಾಣದ 1000 ಪ್ರತಿಗಳನ್ನು ತನ್ನ ಖರ್ಚಿನಲ್ಲಿ ಬರೆಯಿಸಿ ಹಂಚಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅವಳ ಆಶ್ರಯದಲ್ಲಿಯೇ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಬರೆದನು, ಅದೂ ಉಳಿದಿದೆ. ಒಂದು ಸಾವಿರ ಪ್ರತಿ ಎಂದರೆ ಇಂದಿಗೂ ಕನ್ನಡ ಪ್ರಕಾಶಕರು ಎದೆಗಟ್ಟಿ ಮಾಡಿಕೊಂಡೇ ಹಾಕುವ ಸಂಖ್ಯೆ. ತಾಳೆಗರಿಯ ಮೇಲೆ ಕಂಟವೆಂಬ ಮೊನಚು ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆಯಬೇಕಾಗಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಅದನ್ನು ಮಾಡಿಸಿದಳು. ಪ್ರತಿಯಾದ ಕಾವ್ಯ ಉಳಿಯಿತು, ಇನ್ನೊಂದು ಅಳಿಯಿತು. ನನ್ನ ಮಟ್ಟಿಗೆ ಇದು ಕೇವಲ ಕಾಕತಾಳೀಯವಲ್ಲ. ಕನ್ನಡದ ಮೊದಲ ಪ್ರಕಾಶಕಿ ಎಂದು ನಾನು ಮನಸ್ಸಿನಲ್ಲಿ ಅವಳಿಗೇ ಕೈಮುಗಿಯುತ್ತೇನೆ.

ಹಾಗಾದರೆ ಬಸವಣ್ಣನವರಿಗೆ ಯಾರಿದ್ದರು? ಅನೇಕರಿದ್ದರು, ಮತ್ತು ಅವರು ಏಳು ಶತಮಾನಗಳ ಉದ್ದಕ್ಕೂ ಹರಡಿಕೊಂಡಿದ್ದರು. ಕಲ್ಯಾಣದ ಕ್ರಾಂತಿಯ ನಂತರ ಶರಣರು ದಿಕ್ಕುದಿಕ್ಕಿಗೆ ಚದುರಿದಾಗ ವಚನಗಳೂ ಚದುರಿದವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅವುಗಳನ್ನು ಹುಡುಕಿ, ಒಟ್ಟುಗೂಡಿಸಿ, ಸ್ಥಲಕ್ಕನುಗುಣವಾಗಿ, ಅಂದರೆ ಭಕ್ತಿಸಾಧನೆಯ ಹಂತಗಳಿಗೆ ತಕ್ಕಂತೆ, ಹೊಂದಿಸಿ, ಟೀಕೆ ಬರೆಯುವ ದೊಡ್ಡ ಕೆಲಸ ಆರಂಭವಾಯಿತು. ಶಿವಗಣಪ್ರಸಾದಿ ಮಹಾದೇವಯ್ಯನು ವಚನಗಳನ್ನು ಸಂವಾದದ ರೂಪದಲ್ಲಿ ಪೋಣಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದನು. ಆ ಹೆಸರಿನಲ್ಲಿರುವ ಸಂಪಾದನೆ ಎಂಬ ಮಾತಿಗೆ ಗಳಿಕೆ ಎಂದು ಅರ್ಥ. ಪುಸ್ತಕವನ್ನು ತಿದ್ದಿ ಸಿದ್ಧಪಡಿಸುವವರನ್ನೂ ನಾವು ಸಂಪಾದಕರು ಎಂದೇ ಕರೆಯುತ್ತೇವೆ ಎಂಬುದು ನನಗೆ ತುಂಬ ಹಿಡಿಸುವ ಸಂಗತಿ. ಆಮೇಲೆ ಮಠಗಳಲ್ಲಿ, ಮನೆಗಳಲ್ಲಿ ಹೆಸರಿಲ್ಲದ ಲಿಪಿಕಾರರು ಸವೆದ ಓಲೆಗಳಿಂದ ಹೊಸ ಓಲೆಗಳಿಗೆ ನಕಲು ಮಾಡುತ್ತ ಬಂದರು. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಆ ಓಲೆಗಳಲ್ಲಿ ಎಷ್ಟೋ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಬಿಚ್ಚಿ ಓದುವವರು ಕಡಿಮೆಯಾಗಿದ್ದರು, ಹುಳ ಮಾತ್ರ ತನ್ನ ಕೆಲಸ ನಿಲ್ಲಿಸಿರಲಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮೂರಿಗೆ ಫ.ಗು. ಹಳಕಟ್ಟಿಯವರು ಬಂದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲಿ ವೃತ್ತಿಗೆಂದು ವಿಜಯಪುರಕ್ಕೆ ಬಂದು ಇಲ್ಲಿಯೇ ನೆಲೆಸಿದವರು ಅವರು. ಊರೂರು ತಿರುಗಿ, ಮನೆಮನೆಯ ಜಗುಲಿಯಿಂದ ಓಲೆಗಳನ್ನು ಬೇಡಿ ತಂದು, ಪಾಠಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ, ವಚನಗಳನ್ನು ಕಾಗದಕ್ಕಿಳಿಸಿದರು. ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂದಿತು. ಕೊನೆಗೆ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಇನ್ನೊಬ್ಬರ ಬಾಗಿಲು ಕಾಯುತ್ತ ಕುಳಿತರೆ ಈ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಅವರು ಅರಿತರು. ತಮ್ಮ ಮನೆಯನ್ನು ಮಾರಿ 1925ರಲ್ಲಿ ವಿಜಯಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯನ್ನು ಆರಂಭಿಸಿದರು. ಮನೆ ಮಾರಿ ಅಚ್ಚಿನ ಮೊಳೆ ಕೊಂಡವರು! ಅವರ ಕೆಲಸಕ್ಕೆ ಮುಂಚೆ ತಿಳಿದಿದ್ದ ವಚನಕಾರರ ಸಂಖ್ಯೆ ಸುಮಾರು 50. ಅವರಿಂದಾಗಿ ಅದು 200 ದಾಟಿತು. ಅವರು 1964ರಲ್ಲಿ ತೀರಿಕೊಂಡರು. ಅವರ ಹುಟ್ಟಿದ ದಿನವಾದ ಜುಲೈ 2ನ್ನು ಈಗ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ.

ಮುದ್ರಣಾಲಯ ಹಾಕುವುದೆಂದರೆ ಏನೆಂಬುದು ನನಗೆ ಸ್ವಲ್ಪ ಗೊತ್ತು, ಏಕೆಂದರೆ ನನ್ನ ತಂದೆ ಇದೇ ಊರಿನ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆಗಳನ್ನು, ಅಂದರೆ ಲೋಹದ ಅಕ್ಷರಗಳನ್ನು, ಜೋಡಿಸುವ ಕಂಪಾಜಿಟರ್ ಆಗಿದ್ದರು. ಕನ್ನಡಕ್ಕೆ ಮೊಳೆಗಳು ಬಹಳ ಬೇಕು: ಅಕ್ಷರಕ್ಕೊಂದು, ಗುಣಿತಕ್ಕೊಂದು, ಒತ್ತಿಗೊಂದು, ಅರ್ಕಾವತ್ತಿಗೆ ಬೇರೊಂದು. ನೂರಾರು ಖಾನೆಗಳ ಕೇಸಿನ ಮುಂದೆ ನಿಂತು, ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ ಹಿಡಿದು, ನೋಡದೆಯೇ ಬಲಗೈಯಿಂದ ಮೊಳೆ ಆರಿಸಿ ತಲೆಕೆಳಗಾಗಿ ಸಾಲು ಕಟ್ಟುತ್ತಿದ್ದರು. ಒಂದು ಪುಸ್ತಕಕ್ಕೆ ಸಾಕಾಗುವಷ್ಟು ಮೊಳೆ ಯಾವ ಸಣ್ಣ ಛಾಪಖಾನೆಯಲ್ಲಿಯೂ ಇರುತ್ತಿರಲಿಲ್ಲ. ಎಂಟು ಪುಟವೋ ಹದಿನಾರು ಪುಟವೋ ಜೋಡಿಸಿ, ಕರಡು ತಿದ್ದಿ, ಟ್ರೆಡಲ್ ಎಂಬ ಅಚ್ಚಿನ ಯಂತ್ರದ ಮೇಲೆ ಅಚ್ಚು ತೆಗೆದು, ಆಮೇಲೆ ಆ ಪುಟಗಳನ್ನು ಬಿಚ್ಚಿ ಒಂದೊಂದು ಮೊಳೆಯನ್ನೂ ಅದರ ಖಾನೆಗೆ ಮರಳಿಸಿ, ಅದೇ ಮೊಳೆಗಳಿಂದ ಮುಂದಿನ ಪುಟಗಳನ್ನು ಕಟ್ಟಬೇಕಾಗಿತ್ತು. ಹೀಗಾಗಿ ಪುಸ್ತಕದ ಪ್ರತಿಗಳು ಖರ್ಚಾಗಿ ಎರಡನೆಯ ಮುದ್ರಣ ಬೇಕಾದರೆ ಮೊದಲಿನಿಂದ ಎಲ್ಲವನ್ನೂ ಜೋಡಿಸಬೇಕು. ಒಳ್ಳೆಯ ಪುಸ್ತಕಗಳೆಷ್ಟೋ ಓದುಗರಿಲ್ಲದೆ ಕಾಣೆಯಾಗಲಿಲ್ಲ, ಎರಡನೆಯ ಸಲ ಮೊಳೆ ಜೋಡಿಸಲು ಯಾರ ಬಳಿಯೂ ಹಣವಿಲ್ಲದೆ ಕಾಣೆಯಾದವು. ಒತ್ತು ಮುರಿದ ಒಂದು ಮೊಳೆಯನ್ನು ತಂದೆ ಮನೆಗೆ ತಂದಿದ್ದರು; ಅದು ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಅಚ್ಚಾದ ಪಾಠದಿಂದ ಏನು ಬಂತು ಎಂದು ಕೇಳುವವರಿಗೆ ನಾನು ಒಂದು ಉದಾಹರಣೆ ಕೊಡುತ್ತೇನೆ. ‘ಕಾಯಕವೇ ಕೈಲಾಸ’ ಎಂಬ ಮಾತು ನಮ್ಮ ಕಡೆ ಲಾರಿಯ ಹಿಂದೆ, ಅಂಗಡಿಯ ಗಲ್ಲೆಯ ಮೇಲೆ, ಕಚೇರಿಯ ಗೋಡೆಯ ಮೇಲೆ ಎಲ್ಲೆಡೆ ಇದೆ, ಕೆಳಗೆ ಸಾಮಾನ್ಯವಾಗಿ ಬಸವಣ್ಣನವರ ಚಿತ್ರವಿರುತ್ತದೆ. ಆ ಮಾತು ನಮಗೆ ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಬಡ ಶರಣ ಅವನು. ಅಮರೇಶ್ವರಲಿಂಗ ಎಂಬುದು ಅವನ ಅಂಕಿತ. ಕಾಯಕದ ಹೊತ್ತಿನಲ್ಲಿ ಗುರು ಎದುರಿಗೆ ಬಂದರೂ ಮರೆಯಬೇಕು ಎನ್ನುವಷ್ಟು ದೂರ ಹೋಗುವ ವಚನ ಅದು. ಬಾಯಿಂದ ಬಾಯಿಗೆ ಬಂದ ಮಾತು ಎಲ್ಲರಿಗಿಂತ ದೊಡ್ಡವರ ಹೆಸರಿಗೆ ಹೋಗಿ ಸೇರಿಕೊಂಡಿತು. ಅದನ್ನು ಅಕ್ಕಿ ಆಯುವವನಿಗೆ ಮರಳಿಸಿದ್ದು ಓಲೆಯನ್ನು ಓದಿ, ಅಂಕಿತವನ್ನು ಗುರುತಿಸಿ ಅಚ್ಚು ಹಾಕಿಸಿದವರು. ಬಸವಣ್ಣನವರಿಗೂ ಅದೇ ಇಷ್ಟವಾಗುತ್ತಿತ್ತೆಂದು ನಾನು ನಂಬುತ್ತೇನೆ.

ದೊಡ್ಡ ಲೇಖಕರ ಪ್ರಭಾವ ಎಂಬುದೂ ಹೀಗೆ ಸಾಗಿದ ದಾರಿಯೇ. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಜನರಲ್ಲಿ ಒಬ್ಬರಾದ ಶಿ.ಶಿ. ಬಸವನಾಳರು ಬಸವಣ್ಣನವರ ವಚನಗಳ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದರು. ಅದೇ ಊರಿನ ಲಿಂಗರಾಜ ಕಾಲೇಜಿನಲ್ಲಿ ಕೆಲವು ಕಾಲ ಇಂಗ್ಲಿಷ್ ಕಲಿಸಿ ಮುಂದೆ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದ ಎ.ಕೆ. ರಾಮಾನುಜನ್ ಅವರು ವಚನಗಳನ್ನು ಇಂಗ್ಲಿಷಿಗೆ ತಂದಾಗ, ಬಸವಣ್ಣನವರ ಪಾಠಕ್ಕೆ ಆಶ್ರಯಿಸಿದ್ದು ಬಸವನಾಳರ ಈ ಆವೃತ್ತಿಯನ್ನು. ಆ ಅನುವಾದ 1973ರಲ್ಲಿ ಪೆಂಗ್ವಿನ್ ಪ್ರಕಾಶನದಿಂದ ಹೊರಬಂದಿತು, ಕನ್ನಡದ ಒಂದು ಅಕ್ಷರ ತಿಳಿಯದ ಕವಿಗಳೂ ಜಗತ್ತಿನ ಎಲ್ಲೆಲ್ಲೋ ಕುಳಿತು ಕೂಡಲಸಂಗಮದೇವನ ಹೆಸರು ಹೇಳುವಂತಾಯಿತು. ನಡುವಿನ ಒಂದು ಕೊಂಡಿ ತಪ್ಪಿದ್ದರೂ ಆ ದಾರಿ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. 1993ರಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಕಡಿಮೆ ಬೆಲೆಗೆ ತಂದದ್ದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ.

ಈಗಿನ ಮಾತು: “ಎಲ್ಲಾ ಮೊಬೈಲ್‌ನ್ಯಾಗ ಸಿಗ್ತದಲ್ರೀ.” ಸಿಗುತ್ತದೆ, ಸಂತೋಷದ ವಿಷಯ. ಆದರೆ ಅಲ್ಲಿ ಸಿಗುವ ಪಾಠವನ್ನೂ ಯಾರೋ ಒಬ್ಬರು ಓದಿ ತಿದ್ದಬೇಕು. ಮೂರು ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿದ್ದ ಹಳೆಯ ಕಡತವೊಂದನ್ನು ಯೂನಿಕೋಡಿಗೆ ಬದಲಾಯಿಸಿದಾಗ, ಅರ್ಕಾವತ್ತುಗಳು ತಮ್ಮ ಜಾಗ ಬಿಟ್ಟು ಪಕ್ಕದ ಅಕ್ಷರದ ಮೇಲೆ ಹೋಗಿ ಕುಳಿತಿದ್ದವು. ಅವಸರದಲ್ಲಿ ನಾನು ಅದನ್ನು ಸರಿಯಾಗಿ ನೋಡಲಿಲ್ಲ, ಒಂದು ಫಾರ್ಮು ಹಾಗೆಯೇ ಅಚ್ಚಾಗಿ ಹೋಯಿತು. ಆ ಹದಿನಾರು ಪುಟಗಳನ್ನು ತೆಗೆಸಿ ಮತ್ತೆ ಅಚ್ಚು ಹಾಕಿಸಿದ ಖರ್ಚು ಆ ವರ್ಷದ ನನ್ನ ಲಾಭಕ್ಕಿಂತ ಹೆಚ್ಚಾಗಿತ್ತು. ತಪ್ಪು ಪಾಠ ಒಮ್ಮೆ ಹೊರಬಿದ್ದರೆ ಅದನ್ನು ನೋಡಿಯೇ ನಾಳೆ ಮತ್ತೊಬ್ಬರು ನಕಲು ಮಾಡುತ್ತಾರೆ. ಓಲೆಯ ಕಾಲದಲ್ಲಿಯೂ ಲಿಪಿಕಾರರನ್ನು ಕಾಡಿದ ಭಯ ಇದೇ.

ಸದ್ಯ ನನ್ನ ಮೇಜಿನ ಮೇಲೆ ಆಯ್ದಕ್ಕಿ ಮಾರಯ್ಯ ಮತ್ತು ಅವನ ಹೆಂಡತಿ ಲಕ್ಕಮ್ಮನ ವಚನಗಳ ಎರಡನೆಯ ಕರಡು ಇದೆ. ಸಂಜೆ ಆರಕ್ಕೆ ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಬರುತ್ತಾರೆ. ಅವರು ಹಳೆಯ ಮುದ್ರಣವನ್ನು ಗಟ್ಟಿಯಾಗಿ, ವಿರಾಮಚಿಹ್ನೆಯನ್ನೂ ಬಿಡದೆ ಓದುತ್ತಾರೆ. ನಾನು ಹೊಸ ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತೇನೆ. ನಿನ್ನೆ 42ನೆಯ ಪುಟಕ್ಕೆ ನಿಲ್ಲಿಸಿದೆವು. ಜಾತ್ರೆಗೆ 500 ಪ್ರತಿ ಸಿದ್ಧವಾಗಬೇಕು.