ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಹುಚ್ಚು ಯಾಕೆ?

ಊರಿಗೆ ಫೋನ್ ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಅಲ್ಲ ಕಣೋ, ಕಾಲೇಜು ಹುಡುಗರ ಫುಟ್‌ಬಾಲ್ ನೋಡೋಕೆ ಲಕ್ಷ ಜನ ಸೇರ್ತಾರಂತಲ್ಲ, ಯಾಕೆ? ಅಮೆರಿಕದಲ್ಲಿ ದೊಡ್ಡ ಲೀಗೇ ಇದೆಯಲ್ವಾ?"

ಇದೆ, ವೃತ್ತಿಪರರು ಆಡುವ ಎನ್‌ಎಫ್‌ಎಲ್. (ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಮುಖ್ಯವಾಗಿ ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ.) ಆದರೂ ಈ ಪ್ರಶ್ನೆಗೆ ನಾನು ಹೇಳುವುದು 2019ರ ಎಲ್‌ಎಸ್‌ಯು ತಂಡದ ಕಥೆ. ಎಲ್‌ಎಸ್‌ಯು ಅಂದರೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ. ಬ್ಯಾಟನ್ ರೂಜ್‌ನಲ್ಲಿರುವ ಅವರ ಟೈಗರ್ ಸ್ಟೇಡಿಯಂನಲ್ಲಿ ನಿಜವಾಗಿಯೂ ಲಕ್ಷಕ್ಕೂ ಜಾಸ್ತಿ ಜನ ಕೂರಬಹುದು.

ಆ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಬರೋ. ಚೆಂಡನ್ನು ಯಾರಿಗೆ, ಯಾವಾಗ ಎಸೆಯಬೇಕು ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವ ಕೆಲಸ ಅವನದು. ಓಹಾಯೋದ ಹುಡುಗ. ಓಹಾಯೋ ಸ್ಟೇಟ್ ತಂಡದಲ್ಲಿ ಮೂರು ವರ್ಷ ಇದ್ದರೂ ಮುಖ್ಯ ಜಾಗ ಸಿಗಲಿಲ್ಲ. ಡಿಗ್ರಿ ಮುಗಿಸಿ ಎಲ್‌ಎಸ್‌ಯುಗೆ ಬಂದ. 2018ರಲ್ಲಿ ಅವನ ಪಾಸ್‌ಗಳಿಂದ ಬಂದದ್ದು 16 ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಅಂಕ ಗಳಿಸುವುದು. ಮರುವರ್ಷ 60! ಅಲ್ಲಿಯವರೆಗೆ ಆ ಮಟ್ಟದ ಕಾಲೇಜು ಆಟದಲ್ಲಿ ಒಂದು ಸೀಸನ್‌ಗೆ ಅಷ್ಟು ಯಾರೂ ಮಾಡಿರಲಿಲ್ಲ. ಆ ವರ್ಷ ಜೋ ಬ್ರೇಡಿ ಅನ್ನುವ ಹೊಸ ಕೋಚ್ ಬಂದು ಆಟವನ್ನು ಮೈದಾನದ ಅಗಲಕ್ಕೂ ಹರಡಿಸಿದ್ದರು. ಬರೋಗೆ ಬೇಕಾಗಿದ್ದೂ ಅದೇ.

ನವೆಂಬರ್ 9ರಂದು ಎದುರಾಳಿ ಕಾಲೇಜು ತಂಡ ಅಲಬಾಮಾ ವಿರುದ್ಧದ ಪಂದ್ಯ, ಅದೂ ಅವರದೇ ನೆಲದಲ್ಲಿ. ಅಲಬಾಮಾ ಎದುರು ಎಲ್‌ಎಸ್‌ಯು ಸತತ ಎಂಟು ಸಲ ಸೋತಿತ್ತು. ಎಂಟು ಸಲ! ಅರ್ಧ ಆಟ ಮುಗಿದಾಗ ಎಲ್‌ಎಸ್‌ಯು 33-13ರಿಂದ ಮುಂದಿತ್ತು. ಆಮೇಲೆ ಅಲಬಾಮಾ ಅಟ್ಟಿಸಿಕೊಂಡು ಬಂತು. ಆಗ ತಂಡವನ್ನು ಎತ್ತಿ ನಿಲ್ಲಿಸಿದವರಲ್ಲಿ ಬ್ಯಾಟನ್ ರೂಜ್‌ನವನೇ ಆದ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಒಬ್ಬ. ಕುಳ್ಳ, ಆದರೆ ಗಟ್ಟಿ ಆಳು. ಎಷ್ಟು ಜನ ಮೈಮೇಲೆ ಬಿದ್ದರೂ ಚೆಂಡು ಬಿಡದೆ ಮುನ್ನುಗ್ಗಿದ, ನಾಲ್ಕು ಟಚ್‌ಡೌನ್ ಮಾಡಿದ. ಕೊನೆಗೆ 46-41. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಿಸೆಂಬರ್‌ನಲ್ಲಿ ಬರೋಗೆ ಹೈಸ್‌ಮನ್ ಟ್ರೋಫಿ ಬಂತು. ಕಾಲೇಜು ಆಟಗಾರನಿಗೆ ಸಿಗುವ ಅತಿ ದೊಡ್ಡ ಗೌರವ ಅದು. ವೇದಿಕೆಯ ಮೇಲೆ ನಿಂತು, ಓಹಾಯೋದ ತನ್ನ ಕಡೆಯ ಬಡ ಮಕ್ಕಳ ಮನೆಯಲ್ಲಿ ಸರಿಯಾಗಿ ಊಟ ಇರುವುದಿಲ್ಲ ಅಂತ ಅಳುತ್ತಾ ಹೇಳಿದ. ಅದನ್ನು ಕೇಳಿದವರು ಅಲ್ಲಿನ ಆಹಾರ ನಿಧಿಗೆ ಕೆಲವೇ ದಿನಗಳಲ್ಲಿ ನಾಲ್ಕು ಲಕ್ಷ ಡಾಲರ್‌ಗೂ ಜಾಸ್ತಿ ಕಳಿಸಿದರು. ಇವತ್ತಿಗೂ ಆ ಮಾತು ನೆನೆದರೆ ಗಂಟಲು ಕಟ್ಟುತ್ತದೆ.

ಸೆಮಿಫೈನಲ್‌ನಲ್ಲಿ ಓಕ್ಲಹೋಮಾ ವಿರುದ್ಧ 63-28. 2020ರ ಜನವರಿ 13ರಂದು ನ್ಯೂ ಓರ್ಲಿಯನ್ಸ್‌ನಲ್ಲಿ ಫೈನಲ್, ಕ್ಲೆಮ್ಸನ್ ವಿರುದ್ಧ 42-25. ಹದಿನೈದು ಪಂದ್ಯ, ಹದಿನೈದು ಗೆಲುವು.

ಕಾಲೇಜು ತಂಡ ಅದೇ ಹುಡುಗರೊಂದಿಗೆ ಇರುವುದೇ ಒಂದು ವರ್ಷ. ದೊಡ್ಡ ಲೀಗಿನಲ್ಲಿ ಮೆಚ್ಚಿನ ಆಟಗಾರನನ್ನು ಹತ್ತು ಹನ್ನೆರಡು ವರ್ಷ ನೋಡಬಹುದು. ಇಲ್ಲಿ ಹಾಗಿಲ್ಲ, ಹುಡುಗರು ಓದು ಮುಗಿಸಿ ಹೊರಟುಬಿಡುತ್ತಾರೆ. ಅದಕ್ಕೇ ಕಾಲೇಜು ಪಂದ್ಯಗಳಿರುವ ಒಂದು ಶನಿವಾರವನ್ನೂ ನಾನು ಬಿಡುವುದಿಲ್ಲ. ಆ ಏಪ್ರಿಲ್‌ನಲ್ಲಿ ಈ ತಂಡದ 14 ಜನರನ್ನು ದೊಡ್ಡ ಲೀಗಿನವರು ಆರಿಸಿಕೊಂಡರು, ಬರೋನನ್ನು ಎಲ್ಲರಿಗಿಂತ ಮೊದಲು. ಮುಂದಿನ ಸೀಸನ್‌ನಲ್ಲಿ ಎಲ್‌ಎಸ್‌ಯು ಹತ್ತು ಪಂದ್ಯ ಆಡಿ ಐದರಲ್ಲಿ ಸೋತಿತು.