ಕೀಬೋರ್ಡ್ ಇಲ್ಲದ ಟೈಪ್‌ರೈಟರ್ ಬೇಕಾ? ಮಿನ್ಯೋನ್ ನೋಡಿ

ಇಂಡೆಕ್ಸ್ ಟೈಪ್‌ರೈಟರ್ ಅಂತ ಒಂದು ಜಾತಿ ಇದೆ, ಅದಕ್ಕೆ ಕೀಬೋರ್ಡೇ ಇರಲ್ಲ. ಅಕ್ಷರ ಎಲ್ಲಾ ಒಂದು ಪಟ್ಟೀಲೋ ಚಕ್ರದ ಮೇಲೋ ಬರೆದಿರ್ತಾರೆ, ಬೇಕಾದ್ದನ್ನ ಹುಡುಕಿ ಮುಳ್ಳು ತಂದಿಟ್ಟು ಒತ್ತೋದು, ಮತ್ತೆ ಮುಂದಿನ ಅಕ್ಷರ ಹುಡುಕೋದು. ಟೀವಿ ರಿಮೋಟಲ್ಲಿ ಪಾಸ್‌ವರ್ಡ್ ಹಾಕ್ತೀವಲ್ಲ, ಅದೇ ಗೋಳು.

ಯಾಕಪ್ಪಾ ಹೀಗೆ ಮಾಡಿದ್ರು ಅಂದ್ರೆ ದುಡ್ಡು. 1890ರ ದಶಕದ ಅಮೆರಿಕದಲ್ಲಿ ಕೀಬೋರ್ಡ್ ಇರೋ ಒಂದು ರೆಮಿಂಗ್ಟನ್ ಟೈಪ್‌ರೈಟರ್‌ಗೆ ಸುಮಾರು 100 ಡಾಲರ್, 1892ರಲ್ಲಿ ಬಂದ ಸಿಂಪ್ಲೆಕ್ಸ್ ಅನ್ನೋ ಇಂಡೆಕ್ಸ್ ಟೈಪ್‌ರೈಟರ್‌ಗೆ ಬರೀ ಎರಡೂವರೆ! ಈಗ್ಲೂ ಸಿಂಪ್ಲೆಕ್ಸ್ ಅಗ್ಗಕ್ಕೇ ಸಿಗತ್ತೆ, ಆದ್ರೆ ಅದ್ರ ಅಕ್ಷರ ರಬ್ಬರಿಂದು, ಇಷ್ಟು ವರ್ಷಕ್ಕೆ ಗಟ್ಟಿಯಾಗಿ ಬಿರುಕು ಬಿಟ್ಟಿರತ್ತೆ, ಶೋಕೇಸಲ್ಲಿ ಇಡೋಕೆ ಸರಿ ಅಷ್ಟೇ.

ಕೂತು ನಿಜವಾಗ್ಲೂ ಟೈಪ್ ಮಾಡ್ಬೇಕು ಅಂದ್ರೆ ನನ್ ಓಟು ಮಿನ್ಯೋನ್‌ಗೆ. ಬರ್ಲಿನ್ನಿನ ಎಇಜಿ ಕಂಪನಿದು, 1900ರ ದಶಕದ ಶುರುವಿಂದ 1930ರ ದಶಕದ ತನಕ ಮೂರು ಲಕ್ಷಕ್ಕೂ ಜಾಸ್ತಿ ತಯಾರಾಗಿದೆ, ಹಾಗಾಗಿ ನಾನಿರೋ ಜರ್ಮನಿಯಲ್ಲಿ ಹಳೇ ಸಾಮಾನಿನ ಸಂತೇಲಿ ಆಗಾಗ ಕಣ್ಣಿಗೆ ಬೀಳತ್ತೆ, ರೇಟೂ ಕೈಗೆಟಕೋ ಹಾಗಿರತ್ತೆ. ಡಿಸೈನ್ ಮಾಡಿದ್ದು ಫ್ರೀಡ್ರಿಖ್ ಫಾನ್ ಹೆಫ್ನರ್-ಆಲ್ಟೆನೆಕ್, ಬೆಳಕು ಅಳೆಯೋಕೆ ಬಳಸ್ತಿದ್ದ ಹೆಫ್ನರ್ ದೀಪ ಇದ್ಯಲ್ಲ, ಅದೇ ಮನುಷ್ಯಂದು. ಎಡಗೈಲಿ ಕಡ್ಡಿ ಹಿಡ್ಕೊಂಡು ಅಕ್ಷರ ಬರೆದಿರೋ ಕಾರ್ಡಿನ ಮೇಲೆ ಓಡಾಡಿಸ್ತಿದ್ರೆ ಒಳಗಿರೋ, ಅಚ್ಚಿನ ಅಕ್ಷರ ಇರೋ ಪುಟ್ಟ ಸಿಲಿಂಡರ್ ಅದಕ್ಕೆ ತಕ್ಕ ಹಾಗೆ ಪಕ್ಕಕ್ಕೆ ಜರುಗತ್ತೆ, ತಿರುಗತ್ತೆ, ಬಲಗೈಲಿ ಕೀ ಒತ್ತಿದ್ರೆ ಠಪ್ ಅಂತ ಅಚ್ಚು. ಪಕ್ಕದಲ್ಲೇ ಇನ್ನೊಂದು ಕೀ, ಅದು ಸ್ಪೇಸ್‌ಗೆ. ಅಭ್ಯಾಸ ಆದ್ರೆ ಕೈ ತಾನಾಗೇ ಓಡತ್ತೆ, ನಂಬಿ, ಇದು ಆಟಿಕೆ ಅಲ್ಲ.

ಸಿಲಿಂಡರ್ ಬಿಚ್ಚಿ ಬೇರೆ ಹಾಕಿದ್ರೆ ಅಕ್ಷರದ ಶೈಲಿ, ಭಾಷೆ ಎಲ್ಲಾ ಬದಲಾಗತ್ತೆ. ಕೊಳ್ಳೋವಾಗ ನೋಡ್ಬೇಕಾದ್ದೂ ಇದನ್ನೇ. ಸಿಲಿಂಡರೂ ಕಾರ್ಡೂ ಜೋಡಿ ಇರ್ಬೇಕು, ಯಾರೋ ಯಾವಾಗ್ಲೋ ಒಂದನ್ನ ಮಾತ್ರ ಬದಲಾಯಿಸಿದ್ರೆ ನೀವು ತೋರ್ಸೋದೊಂದು ಅದು ಹೊಡೆಯೋದೊಂದು. ಮೈಮೇಲಿನ ತುಕ್ಕು, ಪೇಂಟು ನೋಡ್ಕೊಂಡು ತಲೆ ಕೆಡಿಸ್ಕೋಬೇಡಿ. ಸಿಲಿಂಡರೇ ಇಲ್ದಿದ್ರೆ ಎಷ್ಟು ಅಗ್ಗ ಆದ್ರೂ ಬಿಟ್ಟು ಬನ್ನಿ, ಬಿಡಿಯಾಗಿ ಹುಡುಕೋ ಕಷ್ಟ ಬೇಡ. ಆನ್‌ಲೈನಲ್ಲಿ ತಗೊಳ್ಳೋದಾದ್ರೆ ಕಾರ್ಡಲ್ಲಿರೋ ಅಕ್ಷರ ಎಲ್ಲಾ ಸಾಲಾಗಿ ಹೊಡೆದು ಫೋಟೋ ಕಳ್ಸಿ ಅಂತ ಕೇಳಿ. ಶಾಯಿ ರಿಬ್ಬನ್ ಒಣಗಿದೆ ಅಂತ ಸಬೂಬು ಹೇಳಿದ್ರೆ ಕಾರ್ಬನ್ ಪೇಪರ್ ಇಟ್ಟು ಹೊಡೀರಿ ಅನ್ನಿ, ಅಚ್ಚು ಬೀಳತ್ತೆ.